ಬೇಲಿಯೊಳಗಿನ ಕೂಗು



ಕನ್ನಡದ 'ಬೇಲಿ' ಎಂಬ ಪುಟ್ಟ ಪದಕ್ಕೆ ನೆಂಟರು ಬಹಳ. ಹೊಲಕ್ಕೆ ಬೇಲಿ, ಗದ್ದೆಗೆ ಬದು, ಕೆರೆಗೆ ಏರಿ, ಬಾವಿಗೆ ಕಟ್ಟೆ, ಊರಿಗೆ ಕೋಟೆ, ಕೋಟೆಗೆ ಕಂದಕ. ಬೇಲಿಯಲ್ಲೇ ಮುಳ್ಳುಬೇಲಿ, ಕಳ್ಳಿಬೇಲಿ, ಕತ್ತಾಳೆ ಬೇಲಿ, ತಂತಿ ಬೇಲಿ. ಕಾಡಂಚಿನ ಊರುಗಳಲ್ಲಿ ಆನೆಗಳಿಗಾಗಿ ಸೋಲಾರ್ ಬೇಲಿಯೂ ಬಂದಿದೆ. ಮಲೆನಾಡಿನವರು ಬೇಲಿಯ ನಡುವೆ ಉಣಗೋಲು ಇಡುತ್ತಾರೆ. ಎರಡು ಕಂಬ, ಅವುಗಳ ತೂತುಗಳಲ್ಲಿ ಸರಿಯುವ ಗಳುಗಳು. ಮನುಷ್ಯ ಗಳು ಸರಿಸಿ ಒಳಗೆ ಬರುತ್ತಾನೆ; ದನ ಹೊರಗೇ ನಿಲ್ಲುತ್ತದೆ. ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂಬುದನ್ನು ನಮ್ಮ ಹಿರಿಯರು ಎಷ್ಟು ಸರಳವಾಗಿ ಬಗೆಹರಿಸಿದ್ದರು ನೋಡಿ!

ಈ ಪದ ನಮ್ಮ ಪವಿತ್ರ ಗ್ರಂಥದಲ್ಲಿ ಹೇಗೆ ಬಂದಿದೆ ಎಂದು ಇಂದು ನಿಮ್ಮೊಡನೆ ಸ್ವಲ್ಪ ಆಲೋಚಿಸಬೇಕೆಂದಿದ್ದೇನೆ. ಹೊಸ ಒಡಂಬಡಿಕೆಯ ಮೂಲ ಗ್ರೀಕ್ ಭಾಷೆಯಲ್ಲಿ ಬೇಲಿಗೆ 'ಫ್ರಾಗ್ಮೊಸ್' ಎಂಬ ಪದವಿದೆ. ಅದು ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ನಾಲ್ಕೇ ನಾಲ್ಕು ಸಲ. ಮತ್ತಾಯನ ಶುಭಸಂದೇಶದ 21ನೇ ಅಧ್ಯಾಯದಲ್ಲಿ, ಮಾರ್ಕನ 12ನೇ ಅಧ್ಯಾಯದಲ್ಲಿ, ಲೂಕನ 14ನೇ ಅಧ್ಯಾಯದಲ್ಲಿ ಮತ್ತು ಸಂತ ಪೌಲರ ಹೆಸರಿನಲ್ಲಿರುವ ಎಫೆಸಿಯರ ಪತ್ರದ 2ನೇ ಅಧ್ಯಾಯದಲ್ಲಿ. ಪದ ಒಂದೇ. ಆದರೆ ಒಂದು ಕಡೆ ದೇವರೇ ಬೇಲಿ ಹಾಕುತ್ತಾರೆ, ಇನ್ನೊಂದು ಕಡೆ ಬೇಲಿಯ ಬುಡದಲ್ಲಿ ಬಡವರು ಕುಳಿತಿದ್ದಾರೆ, ಮತ್ತೊಂದು ಕಡೆ ಕ್ರಿಸ್ತರು ಬೇಲಿಯನ್ನು ಕೆಡವುತ್ತಾರೆ. ಅನುವಾದದಲ್ಲಿ ಇದು ನಮಗೆ ಗೊತ್ತಾಗುವುದಿಲ್ಲ. ಸಂತ ಜೆರೋಮರ ಲತೀನ್ ಬೈಬಲಿನಲ್ಲಿಯೇ ಶುಭಸಂದೇಶಗಳಿಗೆ ಒಂದು ಪದ, ಎಫೆಸಿಯರ ಪತ್ರಕ್ಕೆ ಇನ್ನೊಂದು ಪದ ಬಂದುಬಿಟ್ಟಿತು. ಕನ್ನಡದಲ್ಲೂ ನಾವು ಒಂದು ಕಡೆ ಬೇಲಿ ಎಂದು, ಇನ್ನೊಂದು ಕಡೆ ಗೋಡೆ ಎಂದು ಓದುತ್ತೇವೆ.

ಮೊದಲು ದೇವರು ಹಾಕಿದ ಬೇಲಿಯನ್ನು ನೋಡೋಣ. ದ್ರಾಕ್ಷಿತೋಟದ ಗೇಣಿದಾರರ ಸಾಮತಿ ನಿಮಗೆಲ್ಲ ಗೊತ್ತು. ಯಜಮಾನ ತೋಟ ನೆಟ್ಟ, ಸುತ್ತಲೂ ಬೇಲಿ ಹಾಕಿದ, ದ್ರಾಕ್ಷಿ ಹಿಂಡುವ ತೊಟ್ಟಿ ತೋಡಿದ, ಕಾವಲುಗೋಪುರ ಕಟ್ಟಿದ. ಆಮೇಲಷ್ಟೇ ಗೇಣಿಗೆ ಕೊಟ್ಟು ದೂರದೇಶಕ್ಕೆ ಹೋದ. ಯೇಸುಸ್ವಾಮಿ ಈ ಚಿತ್ರವನ್ನು ತೆಗೆದುಕೊಂಡದ್ದು ಪ್ರವಾದಿ ಯೆಶಾಯನ 5ನೇ ಅಧ್ಯಾಯದಿಂದ. ಕಾಡುಹಂದಿ ತೋಟ ಹಾಳುಮಾಡುವ ಮಾತು 80ನೇ ಕೀರ್ತನೆಯಲ್ಲಿದೆ. ಪುಟ್ಟ ನರಿಗಳ ಮಾತು ಪರಮಗೀತೆಯಲ್ಲಿದೆ. ಹೊರಗಿನಿಂದ ಅಪಾಯವಿದೆ ಎಂಬುದನ್ನು ಬೈಬಲ್ ಎಲ್ಲಿಯೂ ಅಲ್ಲಗಳೆಯುವುದಿಲ್ಲ. ಬೇಲಿ ಹಾಕುವುದು ಪ್ರೀತಿಯ ಕೆಲಸ.

ಆದರೆ ಸಾಮತಿಯನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಹಂದಿ ನುಗ್ಗಿತೇ? ಕಳ್ಳ ಬಂದನೇ? ಇಲ್ಲ. ಬೇಲಿ ಎಲ್ಲಿಯೂ ಮುರಿದಿರಲಿಲ್ಲ, ಗೋಪುರ ಬಿದ್ದಿರಲಿಲ್ಲ. ಸೇವಕರನ್ನು ಬಡಿದವರು, ಕೊಂದವರು, ಕೊನೆಗೆ ಯಜಮಾನನ ಮಗನನ್ನೇ ಮುಗಿಸಿದವರು ಬೇಲಿಯೊಳಗೇ ಇದ್ದವರು, ತೋಟ ನೋಡಿಕೊಳ್ಳಲೆಂದು ನೇಮಕಗೊಂಡವರು. ಮತ್ತಾಯನು ಒಂದು ಸಣ್ಣ ವಿವರ ಸೇರಿಸುತ್ತಾನೆ: ಅವರು ಮಗನನ್ನು ಮೊದಲು ತೋಟದ ಹೊರಕ್ಕೆ ತಳ್ಳಿದರು, ಅಲ್ಲಿ ಕೊಂದರು. ಬೇಲಿಯ ಹೊರಗೆ! ಯೇಸು ನಗರದ ಹೊರಗಡೆ ಶಿಲುಬೆಗೇರಿದರು ಎಂಬುದನ್ನು ನೆನೆಸಿಕೊಂಡರೆ ಇದರ ಅರ್ಥ ತಾನೇ ತಿಳಿಯುತ್ತದೆ.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುತ್ತೇವಲ್ಲ, ಆ ಮಾತು ನಮ್ಮ ನಾಡಿನಲ್ಲಿ ಬಹು ಹಳೆಯದು. ಬಸವಣ್ಣನವರ ವಚನವೊಂದರಲ್ಲೂ ಬಂದಿದೆ. ಬೇಲಿ ಮೇಯುತ್ತದೆಯೇ ಎಂದು ಚಿಕ್ಕಂದಿನಲ್ಲಿ ನನಗೆ ಆಶ್ಚರ್ಯವಾಗುತ್ತಿತ್ತು. ಬಯಲುಸೀಮೆಗೆ ಬಂದ ಮೇಲೆ ಕಣ್ಣಾರೆ ಕಂಡೆ. ಬೇಲಿಗೂ ಸೌದೆಗೂ ಆಗಲೆಂದು ತಂದ ಬಳ್ಳಾರಿ ಜಾಲಿಯ ಕಾಯಿಯನ್ನು ದನ ಕುರಿಗಳು ತಿನ್ನುತ್ತವೆ, ಬೀಜ ಗೊಬ್ಬರದೊಡನೆ ಹೊಲದೊಳಕ್ಕೆ ಬೀಳುತ್ತದೆ, ನಾಲ್ಕು ವರ್ಷ ಬಿಟ್ಟರೆ ಹೊಲವೆಲ್ಲ ಜಾಲಿ. ಲಂಟಾನವೂ ಹಾಗೆಯೇ. ತೋಟದ ಅಂದಕ್ಕೆ, ಬೇಲಿಯ ಅಂಚಿಗೆ ಎಂದು ಪರದೇಶದಿಂದ ಬಂದ ಹೂವಿನ ಗಿಡ, ಇಂದು ಬಂಡೀಪುರದ, ಮಲೆ ಮಹದೇಶ್ವರ ಬೆಟ್ಟದ ಕಾಡಿನೊಳಗೆ ಬೇರೆ ಗಿಡ ಏಳಗೊಡದೆ ಹಬ್ಬಿದೆ. ನಮ್ಮ ಗಾದೆ ಬರಿಯ ಅಲಂಕಾರವಲ್ಲ, ಕೃಷಿಯ ಸತ್ಯ.

ಇನ್ನು ಯೆಶಾಯನ ಮಾತಿಗೆ ಬರೋಣ. ಆ ತೋಟದ ಬೇಲಿಯನ್ನು ದೇವರೇ ಕಿತ್ತುಹಾಕುವೆನೆಂದು ಹೇಳುತ್ತಾರೆ. ಏಕೆ? ತೋಟ ಹುಳಿದ್ರಾಕ್ಷಿ ಬಿಟ್ಟಿತು ಎಂದು. ಹುಳಿದ್ರಾಕ್ಷಿ ಎಂದರೇನು ಎಂಬುದನ್ನು ಪ್ರವಾದಿ 7ನೇ ವಚನದಲ್ಲಿ ಹೀಬ್ರೂ ಭಾಷೆಯ ಪದಗಳಲ್ಲಿ ಆಡುತ್ತಾ ಹೇಳುತ್ತಾನೆ. ದೇವರು ನಿರೀಕ್ಷಿಸಿದ್ದು 'ಮಿಶ್ಪಾತ್', ಅಂದರೆ ನ್ಯಾಯ. ಸಿಕ್ಕಿದ್ದು 'ಮಿಸ್ಪಾಖ್', ರಕ್ತಪಾತ. ನಿರೀಕ್ಷಿಸಿದ್ದು 'ತ್ಸೆದಾಕಾ', ಧರ್ಮ; ಸಿಕ್ಕಿದ್ದು 'ತ್ಸೆಆಕಾ', ಕೂಗು. ಕಿವಿಗೆ ಎರಡೂ ಹತ್ತಿರ ಹತ್ತಿರ, ಅರ್ಥದಲ್ಲಿ ಭೂಮಿ ಆಕಾಶದ ಅಂತರ. ಈ ಕೊನೆಯ ಪದ ಸಾಧಾರಣ ಪದವಲ್ಲ. ಈಜಿಪ್ಟಿನಲ್ಲಿ ಬಿಟ್ಟಿ ದುಡಿಯುತ್ತಿದ್ದ ಇಸ್ರಯೇಲರ ಕೂಗು ತಮಗೆ ಕೇಳಿಸಿತೆಂದು ದೇವರು ಮೋಶೆಗೆ ಹೇಳಿದಾಗ ಇದೇ ಪದ. ವಿಧವೆ ಮತ್ತು ಅನಾಥರನ್ನು ಹಿಂಸಿಸಿದರೆ ಅವರ ಕೂಗನ್ನು ಕೇಳಿಯೇ ಕೇಳುವೆನೆಂದು ಎಚ್ಚರಿಸುವಾಗಲೂ ಇದೇ ಪದ. ಸುತ್ತ ಬೇಲಿ ಭದ್ರ, ಒಳಗೆ ಫಲವತ್ತಾದ ನೆಲ, ಆದರೆ ಒಳಗಿನಿಂದ ಒಂದು ಕೂಗು. ಆಗ ದೇವರು ಬೇಲಿಯ ಪಕ್ಷ ವಹಿಸಲಿಲ್ಲ.

ಪ್ರಿಯರೇ, ಇದು ಕುಟುಂಬದ ಪುಟ. ಆದ್ದರಿಂದ ನಮ್ಮ ಮನೆಗಳ ಬೇಲಿಯ ಬಗ್ಗೆಯೇ ನಾನು ಹೆಚ್ಚು ಬರೆಯಬೇಕಾಗಿದೆ.

ಮನೆ ಎಂದರೆ ಬೇಲಿ. ಹೊರಗಿನ ಗಾಳಿ ಮಳೆಗೆ, ಕೆಟ್ಟ ಸಹವಾಸಕ್ಕೆ, ಊರವರ ಬಾಯಿಗೆ ಅಡ್ಡವಾಗಿ ಅದು ನಿಲ್ಲಬೇಕು. ಆದರೆ ಕೆಲವು ಮನೆಗಳಲ್ಲಿ ಆ ಬೇಲಿಗೆ 'ಮರ್ಯಾದೆ' ಎಂದು ಹೆಸರು. ಒಳಗೆ ಏನೇ ಆಗಲಿ, ಹೊರಗೆ ಕೇಳಿಸಬಾರದು. ಕುಡಿದು ಬಂದ ಗಂಡ ಹೆಂಡತಿಯ ಕೂದಲು ಹಿಡಿದು ಗೋಡೆಗೆ ಜಜ್ಜುತ್ತಾನೆ; ಮಕ್ಕಳು ಹೊದಿಕೆ ಎಳೆದುಕೊಂಡು ನಿದ್ದೆ ಬಂದವರಂತೆ ಮಲಗುತ್ತಾರೆ; ಬೆಳಿಗ್ಗೆ ಆಕೆ ಸೆರಗನ್ನು ತಲೆಯ ಮೇಲೆ ಸ್ವಲ್ಪ ಮುಂದಕ್ಕೆ ಎಳೆದುಕೊಂಡು ಭಾನುವಾರದ ಪೂಜೆಗೆ ಬರುತ್ತಾಳೆ. ಕೇಳಿದರೆ ಬಚ್ಚಲಲ್ಲಿ ಜಾರಿಬಿದ್ದೆ ಎನ್ನುತ್ತಾಳೆ. ಇಪ್ಪತ್ತು ವರ್ಷದ ಗುರುಜೀವನದಲ್ಲಿ ಇಷ್ಟು ಜನ ಬಚ್ಚಲಲ್ಲಿ ಜಾರಿಬಿದ್ದದ್ದನ್ನು ಕೇಳಿದ್ದೇನೆ! ಕುಡಿಯದ ಗಂಡಂದಿರೂ ಇದ್ದಾರೆ. ಜಪಸರವನ್ನು ತಪ್ಪದೆ ಹೇಳಿಸುವವರು, ಊರಿಗೆ ದೊಡ್ಡವರು, ಮನೆಯಲ್ಲಿ ಮಾತ್ರ ಕೈಯಿಂದಲ್ಲದಿದ್ದರೂ ನಾಲಗೆಯಿಂದ ಹೊಡೆಯುವವರು. ಹೆಂಡತಿಯ ಸಂಬಳದ ಪುಸ್ತಕ ತಮ್ಮ ಕಿಸೆಯಲ್ಲಿ, ತವರಿನವರೊಡನೆ ಮಾತನಾಡಲೂ ಅವರ ಅಪ್ಪಣೆ.

ಇಂಥ ಹೆಣ್ಣುಮಗಳು ಧೈರ್ಯಮಾಡಿ ಬಾಯಿ ತೆರೆದಾಗ ನಾವು ಏನು ಹೇಳುತ್ತೇವೆ? ತಾಯಿ ಹೇಳುತ್ತಾಳೆ, ಹೊಂದಿಕೊಂಡು ಹೋಗು ಮಗಳೇ. ನೆರೆಯವಳು ಹೇಳುತ್ತಾಳೆ, ಎಲ್ಲರ ಮನೆ ದೋಸೆಯೂ ತೂತೇ. ಸಂಘದ ಹಿರಿಯರು ಹೇಳುತ್ತಾರೆ, ಅದು ನಿನ್ನ ಶಿಲುಬೆ, ಹೊತ್ತುಕೋ. ಮತ್ತು ಎಲ್ಲರೂ ಸೇರಿ ಒಂದು ಮಾತು ಹೇಳುತ್ತಾರೆ: ನಮ್ಮ ಧರ್ಮದಲ್ಲಿ ವಿವಾಹ ಸಂಸ್ಕಾರ ಮುರಿಯುವಂತಿಲ್ಲ, ಆದ್ದರಿಂದ ನೀನು ಮನೆಬಿಟ್ಟು ಬರುವಂತಿಲ್ಲ.

ಈ 'ಆದ್ದರಿಂದ' ಎಂಬಲ್ಲಿಯೇ ತಪ್ಪು ಇದೆ. ವಿವಾಹಬಂಧ ಮುರಿಯದ್ದು ಎಂಬುದು ಧರ್ಮಸಭೆಯ ಬೋಧನೆ, ಅದರಲ್ಲಿ ಸಂದೇಹವಿಲ್ಲ. ಆದರೆ ಪ್ರಾಣ ಹೋಗುವಂತಿದ್ದರೂ ಒಂದೇ ಸೂರಿನಡಿ ಇರಲೇಬೇಕು ಎಂದು ಧರ್ಮಸಭೆ ಎಂದೂ ಬೋಧಿಸಿಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1153ನೇ ವಿಧಿಯನ್ನು ದಯವಿಟ್ಟು ನೆನಪಿನಲ್ಲಿಡಿ. ದಂಪತಿಗಳಲ್ಲಿ ಒಬ್ಬರು ಇನ್ನೊಬ್ಬರ ಅಥವಾ ಮಕ್ಕಳ ಆತ್ಮಕ್ಕಾಗಲಿ ದೇಹಕ್ಕಾಗಲಿ ಗಂಭೀರ ಅಪಾಯ ತಂದರೆ, ಅಥವಾ ಬೇರೆ ವಿಧದಲ್ಲಿ ಸಹಜೀವನವನ್ನು ಸಹಿಸಲಾಗದಷ್ಟು ಕಷ್ಟಗೊಳಿಸಿದರೆ, ಬೇರೆಯಾಗಿ ಇರಲು ಅದು ನ್ಯಾಯವಾದ ಕಾರಣ. ಧರ್ಮಾಧ್ಯಕ್ಷರ ತೀರ್ಪಿನಿಂದ ಹಾಗೆ ಮಾಡಬೇಕು. ತಡಮಾಡಿದರೆ ಅಪಾಯವೆನ್ನುವಂತಿದ್ದರೆ ತಾನೇ ನಿರ್ಧರಿಸಿ ಹೊರಡಬಹುದು. ರಾತ್ರಿ ಹನ್ನೊಂದು ಗಂಟೆಗೆ ಕತ್ತಿ ಹಿಡಿದು ನಿಂತವನ ಎದುರಿನಿಂದ ಓಡಲು ಯಾರ ಪತ್ರವೂ ಬೇಕಿಲ್ಲ. ಕಾರಣ ದೂರವಾದ ಮೇಲೆ ಮತ್ತೆ ಒಂದಾಗಬೇಕೆಂಬುದು ಸಾಮಾನ್ಯ ನಿಯಮ, ಅದೂ ಅದೇ ವಿಧಿಯಲ್ಲಿದೆ. ಕಾರಣ ನಿಜವಾಗಿ ದೂರವಾಗಬೇಕು, ಹಬ್ಬದ ಹಿಂದಿನ ದಿನ ಹಾಕಿದ ಕಣ್ಣೀರು ಸಾಲದು. ಜಗದ್ಗುರು ಫ್ರಾನ್ಸಿಸರು 2016ರಲ್ಲಿ ಹೊರಡಿಸಿದ 'ಅಮೋರಿಸ್ ಲೆತೀತಿಯಾ' ಎಂಬ ಪ್ರಬೋಧನಾ ಪತ್ರದ 241ನೇ ಪರಿಚ್ಛೇದದಲ್ಲಿ ಇನ್ನೂ ಸ್ಪಷ್ಟವಾಗಿ ಹೇಳಿದ್ದಾರೆ. ದುರ್ಬಲರಾದ ಸಂಗಾತಿಯನ್ನು ಅಥವಾ ಎಳೆಯ ಮಕ್ಕಳನ್ನು ಹಿಂಸೆಯಿಂದ ಪಾರುಮಾಡಲು ಬೇರೆಯಾಗುವುದು ಕೆಲವೊಮ್ಮೆ ನೈತಿಕವಾಗಿ ಅಗತ್ಯವೂ ಆಗಬಹುದು ಎಂಬುದು ಅದರ ಸಾರ. ಹಾಗೆ ಬೇರೆಯಾಗಿ ಬಾಳುವ ತಾಯಿ ಪರಮ ಪ್ರಸಾದ ಸ್ವೀಕರಿಸಲು ಅನರ್ಹಳೆಂದು ಯಾರಾದರೂ ಪಿಸುಗುಟ್ಟಿದರೆ, ಅದು ಅವರ ಸ್ವಂತ ಬೋಧನೆ, ಧರ್ಮಸಭೆಯದಲ್ಲ.

ನಾಡಿನ ಕಾನೂನೂ ಒಂದು ಬೇಲಿ ಕಟ್ಟಿದೆ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹೊಡೆತ ಮಾತ್ರವಲ್ಲ, ಅವಮಾನದ ಮಾತು, ಹಣ ಕೊಡದೆ ಸತಾಯಿಸುವುದು ಕೂಡ ಅದರ ಅರ್ಥದಲ್ಲಿ ಹಿಂಸೆಯೇ. ಆಸ್ತಿ ಯಾರ ಹೆಸರಿನಲ್ಲಿಯೇ ಇರಲಿ, ಆಕೆಗೆ ಆ ಮನೆಯಲ್ಲಿ ವಾಸಿಸುವ ಹಕ್ಕಿದೆ. ಈ ಕಾಯ್ದೆ ಹೆಂಡತಿಗೆ ಮಾತ್ರ ಎಂದು ತಿಳಿಯಬೇಡಿ. ಮಗನಿಂದ ಪೆಟ್ಟು ತಿನ್ನುವ ಮುದಿತಾಯಿಗೂ, ಅಣ್ಣನ ಮನೆಯಲ್ಲಿ ಆಳಿನಂತಾದ ತಂಗಿಗೂ ಇದರ ಆಸರೆಯುಂಟು. ಮಹಿಳಾ ಸಹಾಯವಾಣಿಯ ಸಂಖ್ಯೆ 181, ಮಕ್ಕಳದು 1098, ತುರ್ತಿಗೆ 112. ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಿ. ನಿಮಗೆ ಬೇಕಾಗದಿದ್ದರೆ ದೇವರಿಗೆ ಸ್ತೋತ್ರ, ಪಕ್ಕದ ಮನೆಯವಳಿಗೆ ಬೇಕಾದೀತು.

ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲಿ ಒಂದು ವಿಚಿತ್ರವಾದ ಕಟ್ಟಡದ ನಿಯಮವಿದೆ. ಹೊಸ ಮನೆ ಕಟ್ಟಿದರೆ ಮಾಳಿಗೆಗೆ ಸುತ್ತಲೂ ಮೋಟುಗೋಡೆ ಕಟ್ಟಬೇಕು. ಯಾರಾದರೂ ಬಿದ್ದು ಸತ್ತರೆ ಆ ರಕ್ತದ ಅಪರಾಧ ನಿನ್ನ ಮನೆಯ ಮೇಲೆ ಬರುತ್ತದೆ ಎಂದು. ಪ್ಯಾಲೆಸ್ತೀನಿನ ಮನೆಗಳು ಚಪ್ಪಟೆ ಮಾಳಿಗೆಯವು. ಜನ ಅಲ್ಲಿ ಮಲಗುತ್ತಿದ್ದರು, ಕಾಳು ಒಣಗಿಸುತ್ತಿದ್ದರು, ಪ್ರಾರ್ಥಿಸುತ್ತಿದ್ದರು. ಸಾಮಾನ್ಯವಾಗಿ ನಾವು ಬೇಲಿ ಹಾಕುವುದು ಬೇರೆಯವರಿಂದ ನಮ್ಮನ್ನು ಕಾಪಾಡಿಕೊಳ್ಳಲು. ಈ ಗೋಡೆಯಾದರೋ ನನ್ನ ಮನೆಯಿಂದ ಬೇರೆಯವರನ್ನು ಕಾಪಾಡುವುದಕ್ಕೆ. ಮಗನಿಗೆ ಹೆಣ್ಣು ತರುವ ಮುನ್ನ ತಂದೆತಾಯಂದಿರು ಈ ವಚನವನ್ನು ಓದಬೇಕೆಂದು ನನಗನ್ನಿಸುತ್ತದೆ. ಬರುವವಳಿಗೆ ಚಿನ್ನವೆಷ್ಟು, ಕೆಲಸವೇನು ಎಂದು ವಿಚಾರಿಸುತ್ತೇವೆ. ನಮ್ಮ ಮಾಳಿಗೆಗೆ ಮೋಟುಗೋಡೆ ಇದೆಯೇ ಎಂದು ಯಾರು ಕೇಳುತ್ತಾರೆ?

ಮನೆಗಳ ಬಗ್ಗೆ ಇಷ್ಟು ಬರೆದು ಗುಡಿಯ ಬಗ್ಗೆ ಸುಮ್ಮನಿದ್ದರೆ ನ್ಯಾಯವಾಗದು. ಮಕ್ಕಳನ್ನು ಕಾಯಬೇಕಾದ ನಮ್ಮಂಥವರಲ್ಲೇ ಕೆಲವರು, ಜಗತ್ತಿನ ಹಲವು ದೇಶಗಳಲ್ಲಿ, ಮಕ್ಕಳನ್ನು ಮೇಯ್ದರು. ಮಾತು ಒರಟಾಯಿತು, ಆದರೆ ಇದಕ್ಕಿಂತ ಮೃದುವಾದ ಮಾತು ಸುಳ್ಳಾಗುತ್ತದೆ. ಅದಕ್ಕಿಂತ ಹೆಚ್ಚಾಗಿ ನೋವು ಕೊಟ್ಟದ್ದು, ಧರ್ಮಸಭೆಯ ಹೆಸರು ಕೆಡಬಾರದೆಂದು ಸುತ್ತ ಕಟ್ಟಿದ ಮೌನದ ಬೇಲಿ. ಮನೆಯ ಮರ್ಯಾದೆ ಎನ್ನುವ ಆ ಅತ್ತೆಯ ಮಾತಿಗೂ ಇದಕ್ಕೂ ಏನು ವ್ಯತ್ಯಾಸ? ಫ್ರಾನ್ಸಿಸರು 2019ರಲ್ಲಿ 'ವೋಸ್ ಎಸ್ತಿಸ್ ಲೂಕ್ಸ್ ಮುಂದಿ' ಎಂಬ ಶಾಸನವನ್ನು ಹೊರಡಿಸಿ, 2023ರಲ್ಲಿ ಅದನ್ನು ಶಾಶ್ವತಗೊಳಿಸಿದರು. ಅದರಂತೆ ಗುರುಗಳೂ ಕನ್ಯಾಸ್ತ್ರೀಯರೂ ಇಂಥ ದೂರು ತಿಳಿದುಬಂದರೆ ವರದಿ ಮಾಡಲೇಬೇಕು. ನಮ್ಮ ದೇಶದ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮು ಎಲ್ಲ ನಾಗರಿಕರಿಗೂ ಅನ್ವಯಿಸುತ್ತದೆ: ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು ಪೋಲೀಸರಿಗೆ ತಿಳಿಸಬೇಕು. ಜ್ಞಾನೋಪದೇಶ ತರಗತಿಗೆ ಮಕ್ಕಳನ್ನು ಕಳಿಸುವ ತಂದೆತಾಯಿಗಳೇ, ಮಗು ಇದ್ದಕ್ಕಿದ್ದಂತೆ ಅಲ್ಲಿಗೆ ಹೋಗಲೊಲ್ಲೆ ಎಂದರೆ ಬೆತ್ತ ತೆಗೆದುಕೊಳ್ಳುವ ಮೊದಲು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಏಕೆಂದು ಕೇಳಿ. ಗುರುಗಳ ಬಗ್ಗೆ ಹಾಗೆ ಯೋಚಿಸುವುದೇ ಪಾಪ ಎನ್ನಬೇಡಿ.

ಇನ್ನು ಕ್ರಿಸ್ತರು ಕೆಡವಿದ ಬೇಲಿ. ಜೆರುಸಲೇಮಿನ ಮಹಾದೇವಾಲಯದಲ್ಲಿ ಅನ್ಯಜನರು ಹೊರಾಂಗಣದವರೆಗೆ ಮಾತ್ರ ಬರಬಹುದಾಗಿತ್ತು. ಒಳ ಅಂಗಳದ ಸುತ್ತ ಮೂರು ಮೊಳ ಎತ್ತರದ ಕಲ್ಲಿನ ಕಟಾಂಜನವಿತ್ತೆಂದು ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಅದರ ಮೇಲೆ ಗ್ರೀಕ್ ಮತ್ತು ಲತೀನ್ ಭಾಷೆಯ ಎಚ್ಚರಿಕೆಯ ಫಲಕಗಳು. ಇದನ್ನು ದಾಟಿ ಸಿಕ್ಕಿಬಿದ್ದ ಪರಕೀಯನ ಸಾವಿಗೆ ಅವನೇ ಹೊಣೆ ಎಂದು ಅವುಗಳ ತಾತ್ಪರ್ಯ. ಇದು ಕಟ್ಟುಕಥೆಯಲ್ಲ, 1871ರಲ್ಲಿ ಕ್ಲೆರ್ಮೋಂ-ಗನ್ನೋ ಎಂಬ ಫ್ರೆಂಚ್ ವಿದ್ವಾಂಸರು ಅಂಥ ಒಂದು ಇಡೀ ಫಲಕವನ್ನು ಕಂಡುಹಿಡಿದರು, ಅದು ಇಸ್ತಾಂಬುಲಿನ ವಸ್ತುಸಂಗ್ರಹಾಲಯದಲ್ಲಿದೆ. ಆ ಕಲ್ಲಿನ ಮೇಲಿರುವ ಗ್ರೀಕ್ ಪದ ಬೇರೆ, ಪೌಲರ ಪತ್ರದ ಪದ ಬೇರೆ, ಅದನ್ನೂ ಹೇಳಿಬಿಡುತ್ತೇನೆ. ಆದರೆ ಪ್ರೇಷಿತರ ಕಾರ್ಯಕಲಾಪಗಳ 21ನೇ ಅಧ್ಯಾಯ ನೋಡಿ. ಪೌಲರನ್ನು ಜನ ದೇವಾಲಯದಲ್ಲಿ ಹಿಡಿದು ಬಡಿದದ್ದು ಏತಕ್ಕೆ? ತ್ರೋಫಿಮನೆಂಬ ಅನ್ಯಜನಾಂಗದವನನ್ನು ಆ ಬೇಲಿಯೊಳಕ್ಕೆ ಕರೆತಂದಿದ್ದಾರೆಂಬ ಗುಮಾನಿಯಿಂದ. ತ್ರೋಫಿಮ ಎಲ್ಲಿಯವನು? ಎಫೆಸದವನು! ಅಂದಿನ ಆ ಬಂಧನದಿಂದ ಪೌಲರು ಬಹುಕಾಲ ಸೆರೆಯಲ್ಲಿದ್ದರು. ಎಫೆಸಿಯರ ಪತ್ರವು ಸೆರೆಯಾಳಿನ ಪತ್ರ. ಅದರಲ್ಲಿ, ಎರಡು ಜನಾಂಗಗಳ ನಡುವಣ ಬೇಲಿಗೋಡೆಯನ್ನು ಕ್ರಿಸ್ತರು ತಮ್ಮ ದೇಹದಲ್ಲೇ ಕೆಡವಿದರೆಂಬ ಮಾತಿದೆ. ಕಲ್ಲಿನ ಬೇಲಿ ಕ್ರಿ.ಶ. 70ರಲ್ಲಿ ದೇವಾಲಯದೊಡನೆ ರೋಮನರ ಕೈಯಲ್ಲಿ ಬಿತ್ತು.

ನಮ್ಮಲ್ಲಿ ಬೀಳದೆ ನಿಂತವು ಇವೆ. ನೆರೆಯ ತಮಿಳುನಾಡಿನ ತಿರುಚ್ಚಿಯ ಒಂದು ಕಥೋಲಿಕ ಸ್ಮಶಾನದಲ್ಲಿ ದಲಿತರ ಸಮಾಧಿಗಳನ್ನು ಬೇರ್ಪಡಿಸುವ ಗೋಡೆಯ ವಿರುದ್ಧ ವರ್ಷಾನುಗಟ್ಟಲೆ ಹೋರಾಟ ನಡೆದಿದೆ. ಭಾರತದ ಧರ್ಮಾಧ್ಯಕ್ಷರ ಮಂಡಳಿ 2016ರ ಡಿಸೆಂಬರಿನಲ್ಲಿ ದಲಿತ ಸಬಲೀಕರಣ ನೀತಿಯನ್ನು ಹೊರಡಿಸಿ ಜಾತಿ ತಾರತಮ್ಯ ಪಾಪವೆಂದು ಸಾರಿತು. ತಮಿಳುನಾಡಿನವರತ್ತ ಬೆರಳು ತೋರಿಸಿ ನಾವು ಸಮಾಧಾನಪಡುವಂತಿಲ್ಲ. ನಮ್ಮ ಮದುವೆಯ ಮಾತುಕತೆಗಳಲ್ಲಿ, 'ಅವರು ಯಾವ ಜನ?' ಎಂದು ದನಿ ತಗ್ಗಿಸಿ ಕೇಳುವಲ್ಲಿ, ಕಲ್ಲಿಲ್ಲದ ಕಟಾಂಜನವಿದೆ. ನಮ್ಮ ಹಳೆಯ ದೇವಾಲಯಗಳ ಬಲಿಪೀಠದ ಮುಂದಿದ್ದ ಕಟಾಂಜನವನ್ನು ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಎಷ್ಟೋ ಕಡೆ ತೆಗೆದರು. ಮೊಣಕಾಲೂರಿ ಪ್ರಸಾದ ಸ್ವೀಕರಿಸಿದ ಹಿರಿಯರಿಗೆ ಅದರ ನೆನಪಿದೆ. ಅದನ್ನು ಬಡಗಿ ಎರಡು ದಿನದಲ್ಲಿ ಬಿಚ್ಚಿದ. ಇದನ್ನು ಬಿಚ್ಚಲು ಬಡಗಿ ಸಾಲದು.

ಹಾಗಾದರೆ ದೇವರೇ ಹಾಕಿದ್ದು ಯಾವುದು, ಕ್ರಿಸ್ತರು ಕೆಡವಿದ್ದು ಯಾವುದು ಎಂದು ಗುರುತಿಸುವುದು ಹೇಗೆ? ಸೆಮಿನರಿಯಲ್ಲಿ ಕಲಿತ ತತ್ತ್ವಶಾಸ್ತ್ರ ಇದಕ್ಕೆ ದೀರ್ಘವಾದ ಉತ್ತರ ಕೊಟ್ಟೀತು. ಲೂಕನು ಕೊಡುವುದು ಒಂದು ಚಿತ್ರವನ್ನಷ್ಟೇ. ಮಹಾಔತಣದ ಸಾಮತಿಯಲ್ಲಿ ಕರೆಸಿಕೊಂಡವರು ಒಬ್ಬೊಬ್ಬರಾಗಿ ನೆಪ ಹೇಳುತ್ತಾರೆ: ಒಬ್ಬ ಹೊಲ ಕೊಂಡಿದ್ದಾನೆ, ಇನ್ನೊಬ್ಬ ಐದು ಜೊತೆ ಎತ್ತು ಕೊಂಡಿದ್ದಾನೆ, ಮತ್ತೊಬ್ಬನಿಗೆ ಆಗ ತಾನೇ ಮದುವೆ. ಎಲ್ಲರೂ ಬೇಲಿಯೊಳಗಿರುವವರು, ಹೊಲಮನೆ ಉಳ್ಳವರು. ಊರಿನ ಬೀದಿಗಳಿಂದ ಬಡವರನ್ನೂ ಕುಂಟರನ್ನೂ ಕುರುಡರನ್ನೂ ಕರೆತಂದ ಮೇಲೂ ಜಾಗ ಮಿಕ್ಕಿತು. ಆಗ ಯಜಮಾನ ಸೇವಕನನ್ನು ಹೆದ್ದಾರಿಗಳಿಗೂ ಬೇಲಿಗಳ ಬಳಿಗೂ ಕಳಿಸುತ್ತಾನೆ. ಅದೇ ಫ್ರಾಗ್ಮೊಸ್, ಈ ಸಲ ಹೊರಗಡೆಯಿಂದ ನೋಡಿದ್ದು. ಬೇಲಿಯ ಬುಡದಲ್ಲಿ ಯಾರಿರುತ್ತಾರೆ? ನೆಲವಿಲ್ಲದವರು, ಊರಿಲ್ಲದವರು, ಗಂಟುಮೂಟೆ ಹಿಡಿದು ರಾತ್ರೋರಾತ್ರಿ ಮನೆಯಿಂದ ಹೊರಬಿದ್ದವರು. ಅವರನ್ನು ಒತ್ತಾಯಮಾಡಿ ಕರೆತರಬೇಕೆಂದು ಯಜಮಾನನ ಆಜ್ಞೆ; ಏಕೆಂದರೆ ಅಂಥವರು ಒಂದೇ ಕರೆಗೆ ನಂಬಿ ಎದ್ದು ಬರುವುದಿಲ್ಲ, ಇದೂ ಇನ್ನೊಂದು ಅಣಕವೇನೋ ಎಂದು ಹಿಂಜರಿಯುತ್ತಾರೆ.

ಮೊದಲ ಸಲ ಹೋಗಿಬಂದ ಸೇವಕ, ಹೇಳಿದಂತೆ ಮಾಡಿದೆನೆಂದು ವರದಿ ಒಪ್ಪಿಸಿದ್ದನ್ನು ಲೂಕನು ಬರೆದಿದ್ದಾನೆ. ಈ ಎರಡನೆಯ ಸಲ ಅವನು ಬೇಲಿಯ ಬಳಿಗೆ ಹೋದನೇ, ಯಾರನ್ನು ಕಂಡ, ಅವರು ಎದ್ದು ಬಂದರೇ ಎಂಬುದನ್ನು ಬರೆದಿಲ್ಲ. ಮನೆಯಲ್ಲಿ ಊಟ ಬಡಿಸಿಟ್ಟಿದೆ, ಜಾಗ ಇನ್ನೂ ಇದೆ, ಸೇವಕ ಅಪ್ಪಣೆ ಕೇಳಿಸಿಕೊಂಡು ನಿಂತಿದ್ದಾನೆ.